ಹತ್ತದ ಸೂಜಿ

ಸುದ್ದಿ ಬಂದಾಗ ಶಂಭುಲಿಂಗಪ್ಪ ಮಾನ್ವಿಯ ತನ್ನ ರೈಸ್ ಮಿಲ್ಲಿನ ಅಂಗಳದಲ್ಲಿ ನಿಂತು, ಹಿರೇಕೊಟ್ನೆಕಲ್ಲಿನಿಂದ ಬಂದ ಲಾರಿಯ ಭತ್ತದ ಕಾಳೊಂದನ್ನು ಹಲ್ಲಿನ ನಡುವೆ ಇಟ್ಟುಕೊಂಡಿದ್ದ. ಕಾಳು ಕಟ್ಟೆಂದು ಮುರಿದರೆ ಒಣಗಿದೆ, ಜಜ್ಜಿದರೆ ಹಸಿ ಇದೆ. ನಲವತ್ತು ವರ್ಷದಿಂದ ಅವನು ಹಲ್ಲನ್ನಲ್ಲದೆ ಬೇರೆ ಯಂತ್ರವನ್ನು ನಂಬಿದವನಲ್ಲ. ಫೋನಿನಲ್ಲಿ ಮಗ ಬಸವಲಿಂಗನ ದನಿ ಸಣ್ಣಗೆ, ಯಾರೋ ಬಾಯಿಗೆ ಬಟ್ಟೆ ಒತ್ತಿ ಹಿಡಿದಂತೆ ಕೇಳಿಸಿತು. "ಯಪ್ಪಾ, ನೇತ್ರಾ ಹೋದಳು. ದೇವದುರ್ಗದಿಂದ ರಾಯಚೂರಿಗೆ ಒಬ್ಬಾಕೀನ ಹೊಂಟಿದ್ಲು, ಜೀಪು ಗಬ್ಬೂರಿನ ಹತ್ರ ಉರುಳಿಬಿದ್ದದ. ನಾ ರಾಯಚೂರ ದವಾಖಾನ್ಯಾಗ ಅದೀನಿ. ಲಗೂನ ಬರ್ರಿ." ಕಾಳು ಇನ್ನೂ ಹಲ್ಲಿನಲ್ಲೇ ಇತ್ತು. ಅವನು ಅದನ್ನು ಕಡಿದ. ಮೆತ್ತಗಿತ್ತು. ಕೈಯೆತ್ತಿ, "ಹಸಿ ಅದ, ಇಳಿಸಬ್ಯಾಡ್ರಿ" ಎಂದು ಹಮಾಲರಿಗೆ ಹೇಳಿದ. ಆಮೇಲೆ ಫೋನಿಗೆ, "ಯಾವ ನೇತ್ರಾ?" ಎಂದು ಕೇಳಿದ.

ಮೊಮ್ಮಗಳು ಎನ್ನಲು ಅವನಿಗೆ ಒಬ್ಬಳೇ ಇದ್ದಳು. ಹನ್ನೆರಡು ತುಂಬಿದ ನೇತ್ರಾವತಿ. ಒಂದೂವರೆ ವರ್ಷದಿಂದ ತನ್ನನ್ನು ಅಮರೇಶ ಎಂದು ಕರೆಯಿರಿ ಎಂದು ಮನೆಯವರನ್ನೆಲ್ಲ ಕೇಳಿಕೊಳ್ಳುತ್ತಿದ್ದ ಕೂಸು. ತಾಯಿ ಶೈಲಜಾ ಹಾಗೆ ಕರೆಯುತ್ತಿದ್ದಳು. ಬಸವಲಿಂಗ ಎದುರಿಗೆ ಯಾರೂ ಇಲ್ಲದಾಗ ಕರೆಯುತ್ತಿದ್ದ. ಶಂಭುಲಿಂಗಪ್ಪ ಎರಡೂ ಹೆಸರು ಬಿಟ್ಟು 'ಕೂಸು' ಎನ್ನುತ್ತಿದ್ದ, ಅದರಿಂದ ಯಾರಿಗೂ ನೋವಾಗುವುದಿಲ್ಲ ಎಂದುಕೊಂಡಿದ್ದ. ಕಾರಿನಲ್ಲಿ ಕಲ್ಲೂರು ದಾಟುವವರೆಗೂ ಅವನಿಗೆ ಅಳು ಬರಲಿಲ್ಲ. ಎದೆಯ ಮೇಲೆ ಇಷ್ಟಲಿಂಗದ ಬೆಳ್ಳಿಯ ಕರಡಿಗೆ ಬಿಸಿಯಾಗಿತ್ತು. ಅತ್ತರೆ ಡ್ರೈವರ್ ನೋಡುತ್ತಾನೆ ಎಂದು ಯೋಚಿಸಿದ. ಅಳದಿದ್ದರೂ ನೋಡುತ್ತಾನೆ. ಕೂಸು ಒಬ್ಬೊಂಟಿಯಾಗಿ ರಾಯಚೂರಿಗೆ ಯಾಕೆ ಹೊರಟಿತ್ತು ಎಂಬ ಪ್ರಶ್ನೆ ಬಂದದ್ದೇ ಅವನು ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಒಳಗೆ ಎದ್ದದ್ದು ದುಃಖವಲ್ಲ, ಹೆದರಿಕೆ ಎಂದು ಅವನಿಗೆ ಕೂಡಲೇ ತಿಳಿಯಿತು. ಹೀಗೆ ತಿಳಿದುಬಿಟ್ಟದ್ದಕ್ಕೆ ಸಿಟ್ಟು ಬಂತು.

ಕೂಸನ್ನು ತೋರಿಸಲು ಹೋಗಿದ್ದ ಹೈದರಾಬಾದಿನ ಡಾಕ್ಟರಮ್ಮನ ಕೋಣೆಯಲ್ಲೂ ಹೀಗೇ ಸಿಟ್ಟು ಬಂದಿತ್ತು. ಆಕೆ ತೆಲುಗು ಬೆರೆತ ಕನ್ನಡದಲ್ಲಿ ನಿಧಾನವಾಗಿ ಹೇಳಿದ್ದಳು: ಇದು ಹೆಣ್ಣನ್ನು ಗಂಡು ಮಾಡುವ ಮದ್ದಲ್ಲ, ಬರುವ ಪ್ರಾಯವನ್ನು ಸ್ವಲ್ಪ ಕಾಲ ತಡೆದು ನಿಲ್ಲಿಸುವ ಮದ್ದು, ಅಷ್ಟೇ, ಅಷ್ಟರೊಳಗೆ ಮಗು ಬೆಳೆಯುತ್ತದೆ, ಮನಸ್ಸು ತಿಳಿಯಾಗುತ್ತದೆ, ಬೇಡವಾದರೆ ಸೂಜಿ ನಿಲ್ಲಿಸಿದರೆ ಆಯಿತು. ಎಲುಬು ಮೆತ್ತಗಾಗಬಹುದು, ಪರೀಕ್ಷೆ ಮಾಡಿಸುತ್ತಿರಬೇಕು. ಮುಂದೆ ಏನೇನಾದೀತು ಎಂಬುದೆಲ್ಲ ನಮಗೆ ಗೊತ್ತಿದೆ ಎಂದು ನಾನು ಹೇಳುವುದಿಲ್ಲ. ಒಂದು ದೇಶದಲ್ಲಿ ಕೊಡುತ್ತಾರೆ, ಇನ್ನೊಂದು ದೇಶದಲ್ಲಿ ನಿಲ್ಲಿಸಿದ್ದಾರೆ. ಆದರೆ ಕೊಡದೆ ಸುಮ್ಮನಿರುವುದೂ ಒಂದು ನಿರ್ಧಾರವೇ, ಅದಕ್ಕೂ ಬೆಲೆ ಇದೆ, ಆ ಬೆಲೆ ತೆರುವುದು ಈ ಮಗುವೇ. ರಾಯಚೂರಿನ ಹಳೆಯ ಗೆಳೆಯ ಡಾಕ್ಟರ್ ಬೇರೆಯೇ ಹೇಳಿದ್ದ. "ಶಂಭಣ್ಣ, ಆ ವಯಸ್ಸಿನ್ಯಾಗ ಹುಡುಗರು ಏನೇನೋ ಅಂತಾವ. ಕಾಯ್ರಿ. ಎಷ್ಟೋ ಮಂದಿಗಿ ತಾನ ಸರಿ ಹೋಗ್ತದ. ಬೆಳಿಯೋ ಮೈಗೆ ಯಾಕ ಕೈ ಹಾಕ್ತೀರಿ?" ಇಬ್ಬರೂ ಕೆಟ್ಟವರಲ್ಲ. ಇಬ್ಬರೂ ಕೂಸನ್ನು ನೋಡಿ ನಕ್ಕು ಮಾತಾಡಿಸಿದವರೇ. ಹೈದರಾಬಾದಿನ ಕೋಣೆಯಲ್ಲಿ ತಡೆದು ನಿಲ್ಲಿಸುವ ಆ ಮಾತು ಎಲ್ಲರಿಗಿಂತ ಚೆನ್ನಾಗಿ ಅರ್ಥವಾದದ್ದು ಶಂಭುಲಿಂಗಪ್ಪನಿಗೆ. ಹಸಿ ಭತ್ತವನ್ನು ರಾಶಿ ಹಾಕಿಬಿಟ್ಟರೆ ಒಳಗೊಳಗೇ ಕಾವು ಏರಿ ಮೊಳಕೆ ಒಡೆಯುತ್ತದೆ; ಒಣಗಿಸಿ ತಡೆದಿಟ್ಟರೆ ವರ್ಷ ಕಳೆದ ಮೇಲೂ ಬಿತ್ತಬಹುದು, ಇಲ್ಲ ಅಕ್ಕಿ ಮಾಡಬಹುದು. ಅವನ ಬದುಕೆಲ್ಲ ಇದೇ ಕೆಲಸ. ಅರ್ಥವಾದದ್ದನ್ನು ಅವನು ಮುಖದಲ್ಲಿ ತೋರಗೊಡಲಿಲ್ಲ. "ಹನ್ನೆರಡು ವರ್ಷದ ಕೂಸಿಗಿ ತನ್ನ ಮನಸ್ಸು ಏನ ತಿಳೀತದ್ರೀ ಡಾಕ್ಟ್ರೆ?" ಎಂದು ಗಟ್ಟಿಯಾಗಿ ಕೇಳಿದ್ದ. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಕೂಸು, "ಮುತ್ಯಾ, ನಿನಗ ಎಷ್ಟ ವರ್ಷಕ್ಕ ತಿಳೀತು ನೀ ಗಂಡಸು ಅಂತ?" ಎಂದಿತ್ತು. ಡಾಕ್ಟರಮ್ಮ ತಲೆ ತಗ್ಗಿಸಿ ನಗು ನುಂಗಿದ್ದಳು. ಬಸವಲಿಂಗ ನಕ್ಕೇಬಿಟ್ಟ. ಮಗನೆದುರಿಗೆ, ಸೊಸೆಯೆದುರಿಗೆ, ಹೊರಗಿನ ಹೆಂಗಸಿನೆದುರಿಗೆ ಶಂಭುಲಿಂಗಪ್ಪನ ಕಿವಿ ಕೆಂಪಾಗಿತ್ತು. ಆ ನಗು ಆವತ್ತಿನಿಂದ ಕಿವಿಯಿಂದ ಇಳಿದಿಲ್ಲ. ಅಂದು ಅವರು ಅಷ್ಟು ನಕ್ಕಿರದಿದ್ದರೆ ತಾನು ಆ ಕೆಲಸ ಮಾಡುತ್ತಿದ್ದನೇ? ಕಾರಿನ ಕಿಟಕಿಯ ಹೊರಗೆ ಹತ್ತಿಯ ಹೊಲಗಳು ಓಡುತ್ತಿದ್ದವು. ಅಷ್ಟು ಸಣ್ಣದಕ್ಕೆ ಯಾರೂ ಹಾಗೆ ಮಾಡುವುದಿಲ್ಲ ಎಂದು ಅವನು ತನಗೆ ಹೇಳಿಕೊಂಡ.

ದವಾಖಾನೆಯ ಹೊರಗೆ ಬೇವಿನ ಮರದ ಕೆಳಗೆ ಶೈಲಜಾ ಗೋಡೆಗೆ ಒರಗಿ ಕೂತಿದ್ದಳು. ಮಡಿಲಲ್ಲಿ ನೀಲಿ ಬಣ್ಣದ ಒಂದು ಅಂಗಿ. ಕೂಸಿನ ಚೀಲದಿಂದ ತೆಗೆದದ್ದು. ಅದನ್ನು ಮಡಚುವಳು, ಬಿಚ್ಚುವಳು. ಬಸವಲಿಂಗ ತಂದೆಯನ್ನು ಕಂಡೊಡನೆ ಅಳುತ್ತಾ ಹತ್ತಿರ ಬಂದವನು, ತಬ್ಬುವ ಬದಲು ಹೆಂಡತಿಯ ಕಡೆ ಬೆರಳು ಮಾಡಿ, "ಇಕಿ ಹುಚ್ಚಿಗಿ ನನ್ನ ಮಗಳು ಹೋದಳ್ರೀ ಯಪ್ಪಾ. ಆ ಸೂಜಿ ಹಾಕಿಸಬ್ಯಾಡ ಅಂತ ನೀವು ಎಷ್ಟ ಹೇಳಿದ್ರಿ. ಕೇಳಿದಳಾ? ಆ ಸೂಜಿ ತಲಿಗೇರಿ ಓಡಿ ಹೋಗ್ಯದ ಕೂಸು" ಎಂದ. ಶೈಲಜಾ ಅಂಗಿಯನ್ನು ಮತ್ತೆ ಮಡಚಿದಳು. ಒಳಗೆ ಒಂದು ಮಂಚದ ಮೇಲೆ, ಅದೇ ಜೀಪಿನಲ್ಲಿದ್ದ ಮಹಬೂಬೀ ಎಂಬ ಅರಕೇರಾದ ಮುದುಕಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಳು. ಪೊಲೀಸರಿಗೆ ಹೇಳಿದ್ದನ್ನೇ ಬಂದವರಿಗೆಲ್ಲ ಹೇಳುತ್ತಿದ್ದಳು. "ಚಲೋ ಹುಡುಗ ಇದ್ದ್ನೋ ಯಪ್ಪಾ. ನನ್ನ ಚೀಲ ತನ್ನ ತೊಡಿ ಮ್ಯಾಲ ಇಟ್ಕೊಂಡಿದ್ದ. ಎಲ್ಲಿಗಿ ಹೊಂಟೀದಿ ಬೇಟಾ ಅಂದ್ರ, ಹೈದ್ರಾಬಾದಿಗಿ ನಾನಿ, ಡಾಕ್ಟ್ರಮ್ಮಗ ಒಂದು ಮಾತ ಕೇಳಬೇಕು ಅಂದ. ನನಗ ಹಾಕಿದ ಸೂಜಿ ಯಾಕ ಹತ್ತಲಿಲ್ಲ ಅಂತ ಕೇಳಬೇಕು ಅಂದ. ನಿನಗೇನಾಗ್ಯದೋ, ಬೆಲ್ಲದಂಗ ಅದೀದಿ ಅಂದೆ. ನಕ್ಕ. ನಕ್ಕಾಗ ಗಾಡಿ ಹೊಳ್ಳಿತು." ಆಮೇಲೆ ಶಂಭುಲಿಂಗಪ್ಪನ ಹಣೆಯ ವಿಭೂತಿ ನೋಡಿ, "ನಿಮ್ಮ ಮೊಮ್ಮಗನಾ? ಸಬರ್ ಮಾಡ್ರಿ ಸಾಹುಕಾರ್ರೆ, ತಡ್ಕೋರಿ" ಎಂದಳು. ಅವನು ಅವಳ ಮಾತು ತಿದ್ದಲಿಲ್ಲ. ಹೊರಗೆ ಬಂದು ನಲ್ಲಿಯಲ್ಲಿ ಬಾಯಿ ತೊಳೆದುಕೊಂಡ. ಹಲ್ಲಿಗೆ ಭತ್ತದ ಸಿಪ್ಪೆ ಸಿಕ್ಕಿಕೊಂಡಿತ್ತು.

ಸೂಜಿ ಮೈಗೆ ಹತ್ತಲಿಲ್ಲ, ಹತ್ತುವುದು ಹೇಗೆ? ತಿಂಗಳಿಗೊಮ್ಮೆ ರಾಯಚೂರಿಗೆ ಮಿಲ್ಲಿನ ಕೆಲಸಕ್ಕೆ ಹೋಗುವವನು ಅವನೇ. ಮದ್ದನ್ನು ತಣ್ಣಗೆ ತರಬೇಕು, ನಾ ತರ್ತೀನಿ ಬಿಡ್ರಿ ಎಂದವನು ಅವನೇ. ಮಾವ ಕೊನೆಗೂ ಒಪ್ಪಿದರು ಎಂದು ಶೈಲಜಾ ಅಂದು ಅಡಿಗೆಮನೆಯಲ್ಲಿ ಅತ್ತಿದ್ದಳು, ಹೋಳಿಗೆ ಮಾಡಿದ್ದಳು. ಮೊದಲ ತಿಂಗಳು ಅವನು ಔಷಧದ ಅಂಗಡಿಯ ಮೆಟ್ಟಿಲವರೆಗೂ ಹೋಗಿದ್ದ. ಅಲ್ಲಿ ನಿಂತು, ಶಿವ ಕೊಟ್ಟ ಮೈಗೆ ಅಡ್ಡಗೋಡೆ ಕಟ್ಟಲು ನಾನು ಯಾರು ಎಂದುಕೊಂಡ. ಆ ಯೋಚನೆ ಬಹಳ ಭಕ್ತಿಯದಾಗಿತ್ತು, ಕಣ್ಣಲ್ಲಿ ನೀರೂ ಬಂದಿತ್ತು. ಆಮೇಲೆ ಪಕ್ಕದ ಅಂಗಡಿಯಲ್ಲಿ ಥರ್ಮಾಕೋಲಿನ ಡಬ್ಬಿ ಕೊಂಡು, ಐಸು ತುಂಬಿಸಿ, ಮುದುಕರಿಗೆ ಶಕ್ತಿಗೆಂದು ಹಾಕುವ ಕೆಂಪು ಸೂಜಿಮದ್ದು ಅದರಲ್ಲಿಟ್ಟು ತಂದ. ಮನೆಯವರಿಗೆಲ್ಲ ಸೂಜಿ ಹಾಕುತ್ತಾ ಬಂದ ಕಂಪೌಂಡರ್ ಮುದಸ್ಸಿರ್ ಬಾಟ್ಲಿ ನೋಡಿ ಕೈ ನಿಲ್ಲಿಸಿದ್ದ. "ಸಾಹುಕಾರ್ರೆ, ಇದು..." "ಹಾಕು. ಕೂಸಿನ ಮನಸ್ಸಿಗಿ ಸಮಾಧಾನ ಆಗ್ಲಿ. ಇದರಿಂದ ಯಾರ ಜೀವ ಹೋಗ್ತದ?" ಹಾಗೆ ಕೇಳಿದ್ದು ತಾನೇ. ಕೂಸು ಹಲ್ಲು ಕಚ್ಚಿ ಸೂಜಿ ಹಾಕಿಸಿಕೊಂಡು, ಓಡಿ ಬಂದು ಅವನ ಕಾಲು ಮುಟ್ಟಿ, "ಮುತ್ಯಾ, ನೀ ನನ್ನ ದೇವರು" ಎಂದಿತ್ತು. ಆ ತಿಂಗಳುಗಳಲ್ಲಿ ಅದು ಎಷ್ಟು ಹಗುರಾಗಿತ್ತು! ಊಟ ಮಾಡುತ್ತಿತ್ತು, ಅಂಗಳದಲ್ಲಿ ಶಿಳ್ಳೆ ಹಾಕುತ್ತಿತ್ತು, ಬೆಳಿಗ್ಗೆ ಅವನ ಪೂಜೆಯ ಮಗ್ಗುಲಲ್ಲಿ ಕೂತು ಪಾದೋದಕ ಕುಡಿಯುತ್ತಿತ್ತು. ನೋಡು, ಮದ್ದಿಲ್ಲದೆಯೇ ಸರಿಹೋಯಿತು ಎಂದು ಅವನು ಹೆಂಡತಿ ಬಸವಂತಮ್ಮನಿಗೆ ಹೇಳಿ ಹೆಮ್ಮೆಪಡುವುದರಲ್ಲಿದ್ದ. ಆಕೆಯ ಬಾಯಲ್ಲಿ ಗುಟ್ಟು ನಿಲ್ಲದು ಎಂದು ನೆನೆದು ಬಿಟ್ಟುಬಿಟ್ಟ. ಶ್ರಾವಣದಲ್ಲಿ ಮಠದ ಪ್ರವಚನದಲ್ಲಿ ಅವನು ಆತ್ಮಕ್ಕೆ ಹೆಣ್ಣು ಗಂಡು ಎಂಬ ಭೇದವಿಲ್ಲ ಎಂದು ಪ್ರತಿವರ್ಷದಂತೆ ಮಾತಾಡಿದಾಗ ಕೂಸು ಮುಂದಿನ ಸಾಲಿನಲ್ಲಿತ್ತು. ದಾರಿಯಲ್ಲಿ ಕೈ ಹಿಡಿದು, "ಮುತ್ಯಾ, ನೀ ನನ್ನ ಸಲುವಾಗೇ ಮಾತಾಡಿದಿ ಅಲ್ಲ?" ಎಂದಿತು. ಅವನು ಹೂಂ ಎಂದ. ಹೊಗಳಿಕೆ ಎಂದೇ ಸವಿದ.

ಮಾನ್ವಿಗೆ ಬರುವ ಹೊತ್ತಿಗೆ ಅಂಗಳ ತುಂಬಿತ್ತು. ದೇಹವನ್ನು ಗೋಡೆಗೆ ಆನಿಸಿ ಕೂರಿಸಿದ್ದರು, ಕೂರಿಸಿಯೇ ಹೂಳುವ ಪದ್ಧತಿ ಅವರದು. ಹಣೆಗೆ ಮೂರು ಬೆರಳ ವಿಭೂತಿ, ತಲೆ ವಾಲದಂತೆ ಬಿಳಿ ಬಟ್ಟೆಯ ಕಟ್ಟು. ಹದಿನೈದು ದಿನದ ಕೆಳಗೆ ಇದೇ ಅಂಗಳದಲ್ಲಿ ಈ ಕೂಸನ್ನೇ ಕುರ್ಚಿಯಲ್ಲಿ ಕೂರಿಸಿದ್ದರು. ಮೈನೆರೆದ ಸುದ್ದಿ ಬಸವಂತಮ್ಮನಿಗೆ ತಿಳಿದದ್ದೇ ತಡ, ಶೈಲಜಾ ಬೇಡ ಬೇಡ ಎನ್ನುತ್ತಿದ್ದಂತೆಯೇ, ಶಂಭುಲಿಂಗಪ್ಪ ಆರತಿ ಇಟ್ಟುಕೊಂಡ. ಬಸ್ ನಿಲ್ದಾಣದ ಎದುರು ಫ್ಲೆಕ್ಸು ಕಟ್ಟಿಸಿದ, ಕೂಸಿನ ಹಳೆಯ ಜಡೆಯ ಫೋಟೋ ಹಾಕಿಸಿ. ಬಂದದ್ದು ಬಂತು, ಇನ್ನು ಒಪ್ಪಿಕೊಳ್ಳುತ್ತದೆ, ನಾಲ್ಕು ಮಂದಿ ಮುತ್ತೈದೆಯರು ಆರತಿ ಬೆಳಗಿದರೆ ಹೆಣ್ಣಿನ ಸುಖ ತಾನೇ ತಿಳಿಯುತ್ತದೆ ಎಂದು ಅವನು ನಿಜವಾಗಿ ನಂಬಿದ್ದ. ಹಸಿರು ಸೀರೆ, ಮೊಳಕೈವರೆಗೆ ಹಸಿರು ಬಳೆ, ಕತ್ತರಿಸಿದ ಕೂದಲಿಗೆ ಪಿನ್ನು ಚುಚ್ಚಿ ನಿಲ್ಲಿಸಿದ ಸುಳ್ಳು ಜಡೆ. "ಸ್ವಲ್ಪ ನಾಚ್ಕೋ ಬೇ, ಗಂಡಸಿನಂಗ ಕುಂತೀದಿ!" ಎಂದು ಯಾರೋ ಹೆಂಗಸು ಅಂದಾಗ ಚಪ್ಪರವೆಲ್ಲ ನಕ್ಕಿತು. ಇನ್ನೊಬ್ಬಳು ತೊಡೆಗೆ ಚಿವುಟಿ ಕಾಲು ಕೂಡಿಸಿದಳು. ಶಂಭುಲಿಂಗಪ್ಪನೂ ನಕ್ಕ, ಹೈದರಾಬಾದಿನ ಆ ಕೋಣೆಯ ನಗುವಿಗೆ ಇವತ್ತು ಲೆಕ್ಕ ಚುಕ್ತಾ ಆಯಿತು ಎಂದು ಒಂದು ಗಳಿಗೆ ಅವನ ಎದೆ ತಣ್ಣಗಾದದ್ದು ಸುಳ್ಳಲ್ಲ. ಅಕ್ಕಿಕಾಳು ಹಾಕಲು ಹತ್ತಿರ ಹೋದಾಗ ಕೂಸು ತುಟಿ ಅಲ್ಲಾಡಿಸದೆ ಹೇಳಿತು: "ನೀ ಬ್ಯಾಸರ ಮಾಡ್ಕೋಬ್ಯಾಡ ಮುತ್ಯಾ. ಬಿಸಲಾಗ ಅಷ್ಟು ದೂರದಿಂದ ತರತಿದ್ದಿ. ಐಸು ಕರಗಿರಬೇಕು. ನಿನ್ನ ತಪ್ಪಲ್ಲ." ಅವನು ಅಕ್ಕಿಯನ್ನು ತಲೆಯ ಮೇಲೆ ಹಾಕಿ ಕೆಳಗಿಳಿದಿದ್ದ. ಮರುದಿನ ಶೈಲಜಾ ಯಾರಿಗೂ ಹೇಳದೆ ಕೂಸನ್ನು ಕರೆದುಕೊಂಡು ದೇವದುರ್ಗದ ತವರಿಗೆ ಹೋದಳು.

ಈಗ ಅದೇ ಹೆಂಗಸರು ಸೆರಗು ಬಾಯಿಗಿಟ್ಟು ಕೂತಿದ್ದರು. ಬಸವಂತಮ್ಮ ಮೊಮ್ಮಗಳ ಪಾದ ಹಿಡಿದುಕೊಂಡೇ ಸೊಸೆಗೆ ಅನ್ನುತ್ತಿದ್ದಳು, "ಸೂಜಿ ಸೂಜಿ ಅಂತ ಕುಣಿದ್ಯಲ್ಲ, ಈಗ ಹಾಕ್ಸು ಬಾ. ಈಗ ನಿಂತ್ಯದ ನೋಡು ಎಲ್ಲಾ. ಬೆಳಿಯೋದೂ ನಿಂತ್ಯದ, ಉಸರೂ ನಿಂತ್ಯದ. ತಣ್ಣಗಾತಾ ನಿನ್ನ ಹೊಟ್ಟಿ?" ಯಾರೂ ತಡೆಯಲಿಲ್ಲ. ಹೈದರಾಬಾದಿನ ಡಾಕ್ಟರ ಮೇಲೆ ಕೇಸು ಹಾಕಬೇಕು ಎಂದು ಬಸವಲಿಂಗನ ಗೆಳೆಯರು ಮಾತಾಡುತ್ತಿದ್ದರು. ಅಂಥ ಮದ್ದನ್ನೇ ನಿಲ್ಲಿಸಬೇಕು ಎಂದೊಬ್ಬ, ಅಂಥ ತಾಯಂದಿರನ್ನು ಮೊದಲು ಒಳಗೆ ಹಾಕಬೇಕು ಎಂದಿನ್ನೊಬ್ಬ. ಬಸವಲಿಂಗ, "ಮಣ್ಣು ಆಗ್ಲಿ, ಆಮ್ಯಾಲ ಈಕಿನ್ನ ತವರಿಗಿ ಬಿಟ್ಟು ಬರ್ತೀನಿ. ಮತ್ತ ಈ ಹೊಸ್ತಿಲಾ ತುಳಿಬಾರದು" ಎಂದ. ಶಂಭುಲಿಂಗಪ್ಪ ಒಂದು ಮಾತು ಹೇಳಿದರೆ ಸಾಕಿತ್ತು. ಕಂಬಕ್ಕೆ ಒರಗಿ ಕೂತು ಅವನು ಆ ಮಾತನ್ನು ಮನಸ್ಸಿನಲ್ಲಿ ಎರಡು ಮೂರು ಬಗೆಯಾಗಿ ಜೋಡಿಸಿ ನೋಡಿದ. ಪ್ರತಿಯೊಂದರ ಕೊನೆಗೂ ಮಗನ ಮುಖ ಬರುತ್ತಿತ್ತು. ಬಾಗಿಲ ಬಳಿ ಮುದಸ್ಸಿರ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವನ ಕಣ್ಣು ಅತ್ತು ಊದಿತ್ತು. ಹತ್ತಿರ ಬಂದು ಬಗ್ಗಿ, "ಸಾಹುಕಾರ್ರೆ, ಆ ತಾಯಿಗಿ ಹೀಂಗ ಅನ್ನಾಕತ್ತಾರ... ನನಗ ತಡಿಯಂಗಿಲ್ಲರಿ" ಎಂದ. ಶಂಭುಲಿಂಗಪ್ಪ ಅವನ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ, ನೋಡುವವರಿಗೆ ದುಃಖದಲ್ಲಿ ಹಿಡಿದಂತೆ ಕಾಣುವ ಹಾಗೆ. "ನಿನ್ನ ಮಗಳ ನಿಕಾಹ್ ಯಾವಾಗಂದಿ?" ಎಂದು ಕೇಳಿದ. ಉತ್ತರಕ್ಕೆ ಕಾಯದೆ ತಾನೇ ಮುಂದುವರಿಸಿದ: "ಸೂಜಿ ಹಾಕಿದ ಕೈ ಯಾರದು ಅಂತ ಮಂದಿ ಕೇಳ್ತಾರ. ಬಾಟ್ಲಿ ಯಾರದು ಅಂತ ಕೇಳಂಗಿಲ್ಲ." ಮುದಸ್ಸಿರ್ ಕೈ ಬಿಡಿಸಿಕೊಂಡು ಹೋದ. ತನ್ನ ಬಾಯಿಂದ ಇಷ್ಟು ಹದವಾಗಿ ಮಾತು ಬಂದದ್ದಕ್ಕೆ ಶಂಭುಲಿಂಗಪ್ಪನಿಗೆ ಆಶ್ಚರ್ಯವಾಯಿತು. ಅಳಲು ಆಗದ ಬಾಯಿ ಇದನ್ನು ಹೇಗೆ ಆಡಿತು!

ಅವನು ಎದ್ದು ದೇವರಮನೆಗೆ ಹೋದ. ಹಿಂದೆಯೇ ಶೈಲಜಾ ಬಂದಳು. ನೀಲಿ ಅಂಗಿ ಕೈಯಲ್ಲೇ ಇತ್ತು. ಬಾಗಿಲು ಅರ್ಧ ಮುಚ್ಚಿ ನೆಲಕ್ಕೆ ಕೂತಳು. "ಮಾವಾರೆ, ಅವರೆಲ್ಲ ಹಸರು ಸೀರಿ ಉಡಸ್ತೀವಿ ಅನ್ನಾಕತ್ತಾರ. ಅವಗ ಈ ಅಂಗಿ ಹಾಕ್ರಿ ಅಂತ ಕೇಳಾಕ ಬಂದೀನಿ. ಆದ್ರ ಅದಕ್ಕಿಂತ ಮೊದಲ ಒಂದು ಕೇಳ್ತೀನಿ. ಸಿಟ್ಟಾಗಬ್ಯಾಡ್ರಿ." ಅವಳ ದನಿಯಲ್ಲಿ ಆರೋಪವಿರಲಿಲ್ಲ, ಒಂದು ಬಗೆಯ ಆಸೆ ಇತ್ತು. ಅವನಿಗೆ ಹೆದರಿಕೆಯಾದದ್ದು ಅದರಿಂದಲೇ. "ಫೋನಿನ್ಯಾಗ ಡಾಕ್ಟ್ರಮ್ಮ ಅಂದ್ರು, ಆ ಸೂಜಿ ಸರಿಯಾಗಿ ಬಿದ್ದಿದ್ರ ಮೈ ನೆರೀತಿರಲಿಲ್ಲ ಅಂತ. ಅವನೂ ಪಕ್ಕದಾಗ ನಿಂತು ಕೇಳಿಸ್ಕೊಂಡ. ಅದಕ್ಕ ಹೊಂಟಿದ್ದ. ಮಾವಾರೆ, ನೀವು ತಂದದ್ದು ಆ ಸೂಜಿ ಹೌದಲ್ಲ?" ಅವನು ದೀಪದ ಬತ್ತಿ ಸರಿಮಾಡಿದ. "ಅಲ್ಲ ಅಂದ್ರೂ ನಾ ಯಾರಿಗೂ ಹೇಳಂಗಿಲ್ಲ. ಇವರಿಗೂ ಹೇಳಂಗಿಲ್ಲ. ತವರಿಗಿ ಕಳಸ್ತೀನಿ ಅಂದ್ರ ಹೋಗ್ತೀನಿ. ಬ್ಯಾರೆ ಏನೂ ಬ್ಯಾಡ. ಆ ಮದ್ದು ನಾ ಹಾಕ್ಸಿದೆ, ಆ ಮದ್ದು ಅವನ ತಲಿ ಕೆಡಸ್ತು ಅಂತ ಎಲ್ಲಾರೂ ಅನ್ನಾಕತ್ತಾರ. ಅದು ಅವನ ಮೈಯಾಗ ಹೋಗೇ ಇಲ್ಲ ಅಂತ ನನಗೊಬ್ಬಾಕಿಗಿ ಗೊತ್ತಾದ್ರ ಸಾಕು. ನಾ ಕೊಂದಿಲ್ಲ ಅಂತ ನನಗ ಗೊತ್ತಾದ್ರ ಸಾಕು."

ಅಂಗಳದಲ್ಲಿ ಭಜನೆಯವರು ತಾಳ ಸರಿಮಾಡಿಕೊಳ್ಳುತ್ತಿದ್ದರು. ಶಂಭುಲಿಂಗಪ್ಪ ಸೊಸೆಯ ಬೈತಲೆಯನ್ನು ನೋಡಿದ. ಅಲ್ಲಿ ಒಂದೆರಡು ಬಿಳಿ ಕೂದಲು ಬಂದಿದ್ದವು. ಹೇಳಿಬಿಡಬೇಕು ಎಂದು ನಾಲಿಗೆ ನಿಜವಾಗಿ ಎದ್ದಿತು. ಇವಳು ಕ್ಷಮಿಸುತ್ತಾಳೆ, ಕೊನೆಯವರೆಗೂ ಬಾಯಿ ಬಿಡುವುದಿಲ್ಲ ಎಂಬುದೂ ಅವನಿಗೆ ಖಚಿತವಾಗಿತ್ತು. ಆದರೆ ದಿನಾ ಬೆಳಿಗ್ಗೆ ಎಲ್ಲೋ ದೇವದುರ್ಗದಲ್ಲಿ ಒಬ್ಬ ಹೆಂಗಸು ಎದ್ದು, ಕ್ಷಮಿಸಿ, ತಿಳಿದುಕೊಂಡು ಇರುತ್ತಾಳೆ. ಅದನ್ನು ಸಹಿಸಲಾರೆ ಎನಿಸಿತು. ಅವನು ಕರಡಿಗೆ ಬಿಚ್ಚಿದ. ಎಂಟನೆಯ ವಯಸ್ಸಿನಿಂದ ಒಂದು ದಿನವೂ ತಪ್ಪದೆ ಪೂಜಿಸಿದ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಬಲಗೈ ಅದರ ಮೇಲೆ ಮುಚ್ಚಿ, "ಶಿವನಾಣಿ ತಾಯಿ, ನಾ ತಂದದ್ದು ಅದ ಸೂಜಿ" ಎಂದ.

ಶೈಲಜಾ ಅವನ ಅಂಗೈಯನ್ನು ನೋಡಿದಳು. "ಹಂಗಾದ್ರ ನಾನ ಕೊಂದೆ" ಎಂದಳು. ಅಷ್ಟೇ. ಬಗ್ಗಿ ಅವನ ಪಾದ ಮುಟ್ಟಿ ಎದ್ದಳು. ಹಸಿರು ಸೀರೆ ಹಿಡಿದು ಕಾದಿದ್ದ ಬಸವಂತಮ್ಮನಿಗೆ ಅಡ್ಡ ಬರಲಿಲ್ಲ. ಆಕೆ ಸೀರೆ ಸುತ್ತುವಾಗ ಮಗುವಿನ ಕೈಯನ್ನು ತಾನೇ ಎತ್ತಿ ಹಿಡಿದುಕೊಟ್ಟಳು. ಬಳೆ ತೊಡಿಸುವಾಗಲೂ ಕೊಟ್ಟಳು. ಅಂಗಿ ಎಲ್ಲಿ ಬಿತ್ತೋ ಯಾರೂ ನೋಡಲಿಲ್ಲ. ನೆರೆದವರಲ್ಲಿ ಒಬ್ಬಳು ಶಂಭುಲಿಂಗಪ್ಪನಿಗೆ ಕೇಳಿಸುವಂತೆ, "ಈಗರೆ ಬುದ್ಧಿ ಬಂತು ನೋಡ್ರಿ" ಎಂದಳು.

ಹೊತ್ತು ಇಳಿಯುವ ಮುನ್ನ ಊರಾಚೆಯ ರುದ್ರಭೂಮಿಯಲ್ಲಿ ಕೂಸನ್ನು ಗುಂಡಿಯ ಬದಿಗೆ ಕೊರೆದ ಗವಿಯೊಳಗೆ ಉತ್ತರಕ್ಕೆ ಮುಖ ಮಾಡಿ ಕೂರಿಸಿದರು. ಎಡ ಅಂಗೈಯಲ್ಲಿ ಅದರ ಲಿಂಗವಿಟ್ಟರು. ಹಸಿರು ಬಳೆಗಳು ಮಣಿಕಟ್ಟಿನಿಂದ ಜಾರಿ ಲಿಂಗದ ಮೇಲೆ ಬೀಳುತ್ತಿದ್ದವು, ಅಯ್ಯನವರು ಅವನ್ನು ಎರಡು ಸಲ ಹಿಂದಕ್ಕೆ ಸರಿಸಿದರು. ವಿಭೂತಿ, ಬಿಲ್ವಪತ್ರೆ, ಉಪ್ಪು, ಆಮೇಲೆ ಮಣ್ಣು. ಹಿರಿಯರು ನೀವು ಮೊದಲು ಎಂದು ಅಯ್ಯನವರು ಶಂಭುಲಿಂಗಪ್ಪನ ಕೈಗೆ ಬಿಲ್ವ ಕೊಟ್ಟು, ಮನಸ್ಸಿನೊಳಗೆ ಬೇಡಿಕೊಳ್ಳಿರಿ ಎಂದರು. ಅವನು ಕಣ್ಣು ಮುಚ್ಚಿದ. ಈಗ ಅಳು ಬಂತು, ತಡೆಯಲಾಗದಂತೆ ಬಂತು. ಪಕ್ಕದವರು ಅವನ ತೋಳು ಹಿಡಿದುಕೊಂಡರು. ಶಿವನೇ, ಕೂಸಿಗೆ ಶಾಂತಿ ಕೊಡು. ಉರುಳಿ ಬಿದ್ದ ಮೈಯ ನೋವು ತೊಳೆ. ನಿನ್ನ ಬಳಿ ಅದು ಯಾವ ರೂಪ ಕೇಳಿದರೆ ಆ ರೂಪ ಕೊಡು, ಯಾವ ಹೆಸರು ಹೇಳಿದರೆ ಆ ಹೆಸರಿನಿಂದ ಕರೆ. ಇನ್ನು ನನ್ನ ಅಡ್ಡಿ ಇಲ್ಲ. ನನಗೆ ಏನು ಕೊಡುವುದಿದ್ದರೂ ಕೊಡು, ತಪ್ಪಿಸಿಕೊಳ್ಳುವುದಿಲ್ಲ. ಆದರೆ ತಂದೆ, ಅದು ಬಂದದ್ದೇ ನಿನ್ನನ್ನು, ಸೂಜಿ ಯಾಕೆ ಹತ್ತಲಿಲ್ಲ ಎಂಬ ಆ ಒಂದು ಮಾತು ಕೇಳುತ್ತದೆ. ಅದು ಬಿಡುವ ಕೂಸಲ್ಲ, ಕೇಳಿಯೇ ಕೇಳುತ್ತದೆ. ನಿನಗೆ ಗೊತ್ತು. ಹೇಳಬೇಡ. ಅದಕ್ಕೆ ಎಂದೂ ತಿಳಿಯದಿರಲಿ. ಅದು ಶಾಂತಿಯಿಂದ ಇರಲಿ.